ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಕೇಳಿ

26 ವರ್ಷ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ತೋಳಿಗೆ ಪಟ್ಟಿ ಕಟ್ಟುವುದು, ನರ ಹುಡುಕುವುದು, ರಕ್ತ ಎಳೆಯುವುದು, ಟ್ಯೂಬಿಗೆ ಲೇಬಲ್ ಅಂಟಿಸುವುದು. ಕೂತವರನ್ನು ಮಾತಿಗೆಳೆಯಲು "ಯಾವುದಕ್ಕೆ ಈ ಟೆಸ್ಟ್?" ಅಂತ ಕೇಳುತ್ತಿದ್ದೆ. ಬಹಳ ಜನಕ್ಕೆ ಗೊತ್ತಿರುತ್ತಿರಲಿಲ್ಲ. "ಬರೆದುಕೊಟ್ಟಿದ್ದಾರೆ, ಮಾಡಿ" ಅನ್ನುವವರು ಕೆಲವರು. "ಏನೂ ತೊಂದರೆ ಇಲ್ಲ, ಎಲ್ಲಾ ಒಂದ್ಸಲ ನೋಡಿಬಿಡೋಣ ಅಂತ, ನೆಮ್ಮದಿಗೆ" ಅನ್ನುವವರು ಇನ್ನು ಕೆಲವರು.

ಈ ನೆಮ್ಮದಿಗೆ ಅಂತ ಬಂದವರಲ್ಲಿ ಎಷ್ಟೋ ಜನ ವಾರ ಕಳೆಯುವುದರೊಳಗೆ ನಿದ್ದೆ ಕೆಟ್ಟ ಮುಖ ಹೊತ್ತು ಮತ್ತೆ ನನ್ನ ಮುಂದೆಯೇ ಕೂತಿರುತ್ತಿದ್ದರು. ಇಷ್ಟೆಲ್ಲ ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು, ಅಲ್ವಾ? ಬರಲಿಲ್ಲ. ನಿವೃತ್ತಿಯಾದ ವರ್ಷ ನಾನೇ ಹೋಗಿ ಒಂದು ಫುಲ್ ಬಾಡಿ ಚೆಕಪ್ ಮಾಡಿಸಿಕೊಂಡೆ. ಅದರಲ್ಲಿ ಕತ್ತಿನ ಸ್ಕ್ಯಾನ್ ಕೂಡ ಸೇರಿತ್ತು. ಥೈರಾಯ್ಡ್ ಗ್ರಂಥಿಯಲ್ಲಿ 8 ಮಿಲಿಮೀಟರ್ ಗಂಟು ಸಿಕ್ಕಿತು. ಸ್ಕ್ಯಾನ್ ಮಾಡಿ ಹುಡುಕಿದರೆ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇಂಥ ಗಂಟು ಸಿಗುತ್ತದೆ. 1 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ, ಅನುಮಾನಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಸಾಮಾನ್ಯವಾಗಿ ಗಂಟಿಗೆ ಸೂಜಿ ಹಾಕಿ ಜೀವಕಣ ತೆಗೆದು ಪರೀಕ್ಷಿಸುವ ಅಗತ್ಯ ಇಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಅವತ್ತು "ಇರಲಿ, ಒಂದ್ಸಲ ನೋಡಿಬಿಡೋಣ" ಅಂದರು, ನಾನು ಕತ್ತು ಒಡ್ಡಿದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಕ್ಯಾನ್ಸರ್ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ, ಅಂಥ ರಿಪೋರ್ಟ್ ಬಂತು. ಮುಂದಿನ ಸಲಹೆ: ಅರ್ಧ ಗ್ರಂಥಿ ತೆಗೆದು ನೋಡುವುದು.

ಆಪರೇಷನ್‌ಗೆ ಹತ್ತು ದಿನ ಇರುವಾಗ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಕತ್ತು ಮುಟ್ಟಿ ನೋಡಿದರು. ಧ್ವನಿ ಬದಲಾಗಿದೆಯಾ, ನುಂಗಲು ಕಷ್ಟವಾ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ಚಿಕ್ಕಂದಿನಲ್ಲಿ ಕತ್ತಿಗೆ ರೇಡಿಯೇಷನ್ ಆಗಿತ್ತಾ ಅಂತ ಕೇಳಿದರು. ಸ್ಕ್ಯಾನ್ ಫಿಲ್ಮ್ ಎತ್ತಿ ಹಿಡಿದು ನೋಡಿ, "ಒಂದು ವರ್ಷ ಬಿಟ್ಟು ಬನ್ನಿ" ಅಂದರು. ಆರು ವರ್ಷ ಆಯಿತು. ಗಂಟು ಈಗಲೂ 8 ಮಿಲಿಮೀಟರೇ.

ನನ್ನ ಕಥೆ ಇಲ್ಲಿಗೆ ಮುಗಿಯಿತು. ದಕ್ಷಿಣ ಕೊರಿಯಾದಲ್ಲಿ ಇದೇ ಕಥೆ ಇಡೀ ದೇಶದ ಮಟ್ಟದಲ್ಲಿ ನಡೆಯಿತು. 1999ರಲ್ಲಿ ಅಲ್ಲಿನ ಸರ್ಕಾರ ಬೇರೆ ಕೆಲವು ಕ್ಯಾನ್ಸರ್‌ಗಳ ತಪಾಸಣೆ ಶುರು ಮಾಡಿತು. ಅದರ ಜೊತೆಗೆ ಕತ್ತಿನ ಸ್ಕ್ಯಾನನ್ನೂ ಜನ ಸುಲಭವಾಗಿ ಮಾಡಿಸಿಕೊಳ್ಳತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದದ್ದರ 15 ಪಟ್ಟಾಗಿತ್ತು. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮಾತ್ರ ಇಳಿಯಲೇ ಇಲ್ಲ. ಅಂದರೆ ಕಂಡುಹಿಡಿದದ್ದರಲ್ಲಿ ಬಹುಪಾಲು ಯಾರಿಗೂ ಎಂದೂ ತೊಂದರೆ ಕೊಡದ ಗಂಟುಗಳು. ಆದರೂ ಗ್ರಂಥಿ ತೆಗೆಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗಬೇಕು. ಕೆಲವರ ಧ್ವನಿಯೂ ಹೋಯಿತು.

ಕೇಳಬೇಕಾದ್ದು ಏನು, ಕೇಳುವುದು ಹೇಗೆ

ಟೆಸ್ಟ್ ಬೇಡ ಅನ್ನುವ ಜಾಗ ಇರುವುದು ಟೆಸ್ಟಿಗೆ ಮುಂಚೆ. ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಬಂತು ಅಂದರೆ ಡಾಕ್ಟರೂ ಅದನ್ನು ಬಿಡುವ ಹಾಗಿಲ್ಲ, ನೀವೂ ಬಿಡುವುದಿಲ್ಲ. ಆಮೇಲೆ ಒಂದಕ್ಕೊಂದು ಹಿಡಿದುಕೊಂಡೇ ಬರುತ್ತದೆ. ಹಾಗಾಗಿ ಚೀಟಿ ಕೈಗೆ ಬಂದ ಕೂಡಲೇ, ಕುರ್ಚಿಯಿಂದ ಏಳುವ ಮುಂಚೆ, ಹೀಗೆ ಕೇಳಿ:

"ಡಾಕ್ಟ್ರೇ, ಇದರ ರಿಪೋರ್ಟ್ ನಾರ್ಮಲ್ ಬಂದರೆ ಏನು ಮಾಡ್ತೀರಿ? ಹೆಚ್ಚುಕಡಿಮೆ ಬಂದರೆ ಏನು ಮಾಡ್ತೀರಿ?"

ಎರಡಕ್ಕೂ ಒಂದೇ ಉತ್ತರ ಬಂದರೆ ಆ ಟೆಸ್ಟ್ ಸದ್ಯಕ್ಕೆ ಬೇಡ. "ಹೇಗೆ ಬಂದರೂ ಇದೇ ಮಾತ್ರೆ ಮುಂದುವರಿಸಿ" ಅನ್ನುವುದಾದರೆ ರಕ್ತ ಕೊಟ್ಟು ಏನು ಉಪಯೋಗ? ಉತ್ತರ ಬೇರೆ ಬೇರೆ ಇದ್ದರೆ, ಯಾಕೆ ಅಂತ ನಿಮಗೂ ಅರ್ಥವಾಗುತ್ತದೆ. ಆಗ ಖುಷಿಯಿಂದ ತೋಳು ಚಾಚಿ.

"ಇದು ನಿಜವಾಗಿ ಬೇಕಾ?" ಅಂತ ನೇರವಾಗಿ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅವರ ಮೇಲೆ ಅನುಮಾನ ಪಟ್ಟ ಹಾಗೆ ಕೇಳಿಸುತ್ತದೆ. ಮೇಲಿನ ಹಾಗೆ ಕೇಳಿದರೆ ಯಾರಿಗೂ ಬೇಜಾರಾಗಿದ್ದು ನಾನು ನೋಡಿಲ್ಲ. ಇನ್ನೊಂದು ಗುಟ್ಟು ಹೇಳುತ್ತೇನೆ. ಎಷ್ಟೋ ಸಲ ಡಾಕ್ಟರ್ ಟೆಸ್ಟ್ ಬರೆಯುವುದು ನಮಗೆ ಬೇಕಿರಬಹುದು ಅಂದುಕೊಂಡು. ಬರೆಯದಿದ್ದರೆ "ಏನೂ ನೋಡದೆ ಕಳಿಸಿದರು" ಅಂತ ನಾವೇ ಹೇಳಿಕೊಂಡು ತಿರುಗುತ್ತೇವಲ್ಲ. "ಟೆಸ್ಟ್ ಇಲ್ಲದೆ ಸ್ವಲ್ಪ ದಿನ ನೋಡಬಹುದು ಅಂದರೆ ನನಗೆ ಅಭ್ಯಂತರ ಇಲ್ಲ" ಅಂತ ಒಂದು ಮಾತು ಆಡಿ ನೋಡಿ. ಅವರ ಪೆನ್ನು ನಿಂತರೂ ನಿಲ್ಲಬಹುದು.

2012ರಲ್ಲಿ ಅಮೆರಿಕದಲ್ಲಿ ಡಾಕ್ಟರುಗಳೇ ಸೇರಿ 'ಚೂಸಿಂಗ್ ವೈಸ್ಲಿ' ಅಂತ ಒಂದು ಅಭಿಯಾನ ಶುರು ಮಾಡಿದರು. ತಮ್ಮ ತಮ್ಮ ವಿಭಾಗದಲ್ಲಿ ಸುಮ್ನೆ ನಡೆಯುತ್ತಿರುವ ಟೆಸ್ಟ್, ಚಿಕಿತ್ಸೆ ಯಾವುವು ಅಂತ ಅವರೇ ಪಟ್ಟಿ ಮಾಡಿದರು. ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ಅವರು ರೋಗಿಗಳಿಗೆ ಕೊಟ್ಟ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು: "ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ?" ಇದನ್ನು ಕೇಳಲು ನಾಚಿಕೆ ಬೇಡ. ಎಷ್ಟೋ ತೊಂದರೆಗೆ "ಎರಡು ವಾರದಲ್ಲಿ ತಾನೇ ಹೋಗುತ್ತದೆ" ಅನ್ನುವುದೇ ಸರಿಯಾದ ಉತ್ತರ.

ಲ್ಯಾಬಿನ ಒಳಗಿನ ವಿಷಯ

ಇದು ನನ್ನ ಅಡ್ಡೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ರಿಪೋರ್ಟಿನಲ್ಲಿ ನಿಮ್ಮ ಅಂಕಿಯ ಪಕ್ಕ "ಇಷ್ಟರಿಂದ ಇಷ್ಟು" ಅಂತ ಇರುತ್ತದಲ್ಲ, ಅದು ಎಲ್ಲಿಂದ ಬಂತು? ಆರೋಗ್ಯವಾಗಿರುವ ಜನರ ರಕ್ತ ತೆಗೆದು ಅಳೆದು, ಮಧ್ಯದ 95 ಶೇಕಡ ಜನ ಎಲ್ಲಿ ಬರುತ್ತಾರೆ ಅಂತ ಗೆರೆ ಎಳೆಯುತ್ತಾರೆ. ಹೆಚ್ಚಿನ ಟೆಸ್ಟುಗಳಲ್ಲಿ ಹೀಗೆಯೇ. ಅಂದರೆ ಪೂರ್ತಿ ಆರೋಗ್ಯವಾಗಿರುವ 100 ಜನರಲ್ಲಿ 5 ಜನ ಗೆರೆಯ ಆಚೆ ಇದ್ದೇ ಇರುತ್ತಾರೆ. ಹಾಗೆ ಗೆರೆ ಎಳೆದಿರುವುದೇ ಅದಕ್ಕೆ ಕಾರಣ. ಈಗ ಒಂದೇ ಪ್ಯಾಕೇಜಿನಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿ. ಯಾವ ಕಾಯಿಲೆಯೂ ಇಲ್ಲದವರಿಗೆ ಒಂದಾದರೂ "ಅಬ್‌ನಾರ್ಮಲ್" ಬರುವ ಸಾಧ್ಯತೆ ಸುಮಾರು 64 ಶೇಕಡ. ಎಲ್ಲವೂ ನಾರ್ಮಲ್ ಬಂದರೆ ಅದೇ ಆಶ್ಚರ್ಯ.

ಇನ್ನು ರಕ್ತ ಎಳೆಯುವಾಗ ಆಗುವ ಎಡವಟ್ಟು. ಒಬ್ಬರು ಬಂದಿದ್ದರು, ನರ ಸಿಗುತ್ತಿರಲಿಲ್ಲ. ಪಟ್ಟಿ ಬಿಗಿಯಾಗಿ ಕಟ್ಟಿ, ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿಸಿ, ಕಷ್ಟಪಟ್ಟು ಎಳೆದೆವು. ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಮೇಲುಗಡೆ ನಿಲ್ಲುವ ನೀರು ತಿಳಿಹಳದಿ ಇರಬೇಕು. ಅವರದ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಂದರೆ ರಕ್ತಕಣ ಒಡೆದಿವೆ. ಪೊಟ್ಯಾಸಿಯಂ ಇರುವುದು ಹೆಚ್ಚಾಗಿ ಕಣಗಳ ಒಳಗೆ. ಕಣ ಒಡೆದರೆ ಅದೆಲ್ಲ ಹೊರಗೆ ಚೆಲ್ಲುತ್ತದೆ. ಯಂತ್ರ 6.4 ತೋರಿಸಿತು. ಆ ಅಂಕಿ ನಿಜವಾಗಿದ್ದರೆ ಅವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸಬೇಕಿತ್ತು. ನಾನು ಅವರನ್ನು ವಾಪಸ್ ಕರೆದು, ಪಟ್ಟಿ ಸಡಿಲ ಕಟ್ಟಿ, ಇನ್ನೊಂದು ತೋಳಿನಿಂದ ನಿಧಾನಕ್ಕೆ ಎಳೆದೆ. 4.3. ಅಷ್ಟೇ!

ಗೊತ್ತಿರಬೇಕಾದ್ದು ಇನ್ನೆರಡು. ಕೂದಲು, ಉಗುರಿಗೆ ಅಂತ ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಟೆಸ್ಟನ್ನು ತಪ್ಪಿಸುತ್ತದೆ. ಇಲ್ಲದ ಥೈರಾಯ್ಡ್ ಕಾಯಿಲೆ ಕಾಗದದ ಮೇಲೆ ಇದ್ದ ಹಾಗೆ ಕಾಣುತ್ತದೆ. ಟೆಸ್ಟಿಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದದ್ದನ್ನು ಲ್ಯಾಬಿನವರಿಗೂ ಹೇಳಿ. ಹಾಗೇ, ಹಿಂದಿನ ದಿನ ಜೋರಾಗಿ ವ್ಯಾಯಾಮ ಮಾಡಿ ಬಂದರೆ ರಕ್ತದಲ್ಲಿ ಸಿಕೆ, ಎಎಸ್‌ಟಿ ಅನ್ನುವ ಎರಡು ಕಿಣ್ವಗಳು ಏರಿರುತ್ತವೆ. ಎಎಸ್‌ಟಿ ಅಂದ ತಕ್ಷಣ ಲಿವರ್ ಅಂತ ಹೆದರುತ್ತಾರೆ. ಆದರೆ ಅದು ಸ್ನಾಯುವಿನಲ್ಲೂ ಇರುತ್ತದೆ.

ಹಾಗಾಗಿ ನಿಮಗೆ ಆರಾಮ ಇದ್ದು, ಒಂದೇ ಒಂದು ಅಂಕಿ ಗೆರೆಯಿಂದ ಸ್ವಲ್ಪ ಆಚೆ ಬಂದಿದ್ದರೆ, ಮಾತ್ರೆ ಶುರು ಮಾಡುವ ಮುಂಚೆ, ಸ್ಕ್ಯಾನಿಗೆ ಓಡುವ ಮುಂಚೆ, "ಇದೊಂದನ್ನೇ ಮತ್ತೆ ಮಾಡಿ ನೋಡಬಹುದಾ?" ಅಂತ ಕೇಳಿ. ಹಳೆಯ ರಿಪೋರ್ಟ್ ಇದ್ದರೆ ಪಕ್ಕದಲ್ಲಿಟ್ಟು ತೋರಿಸಿ. ಹತ್ತು ವರ್ಷದಿಂದ ಅದೇ ಅಂಕಿ ಇದ್ದರೆ ಅದು ನಿಮ್ಮ ನಾರ್ಮಲ್ ಇರಬಹುದು.

ಪ್ಯಾಕೇಜಿನ ಬಗ್ಗೆ ಇನ್ನೊಂದು ಲೆಕ್ಕ ಇದೆ. ಸಾವಿರದಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಅದಕ್ಕೊಂದು ಟೆಸ್ಟ್, ಕಾಯಿಲೆ ಇಲ್ಲದವರಲ್ಲಿ 5 ಶೇಕಡ ಜನಕ್ಕೆ ತಪ್ಪಾಗಿ "ಇದೆ" ಅನ್ನುತ್ತದೆ. ನಿಮಗೆ "ಇದೆ" ಅಂತ ಬಂತು. ನಿಜವಾಗಿ ಇರುವ ಸಾಧ್ಯತೆ ಎಷ್ಟು? 1978ರಲ್ಲಿ ಇದನ್ನೇ ಹಾರ್ವರ್ಡ್‌ನ ಆಸ್ಪತ್ರೆಗಳಲ್ಲಿ 60 ಜನ ಡಾಕ್ಟರುಗಳಿಗೂ ವಿದ್ಯಾರ್ಥಿಗಳಿಗೂ ಕೇಳಿದರು. ಸರಿ ಹೇಳಿದವರು 11 ಜನ. 95 ಶೇಕಡ ಅಂದವರೇ ಜಾಸ್ತಿ. ಸರಿ ಉತ್ತರ ಬರೀ 2 ಶೇಕಡ. ಸಾವಿರ ಜನರಲ್ಲಿ ಕಾಯಿಲೆ ಇರುವವರು 1, ತಪ್ಪಾಗಿ ಸಿಕ್ಕಿಬಿದ್ದವರು 50. ಲಕ್ಷಣ ಇಲ್ಲದೆ ಸಿಎ-125 ತರಹದ, ರಕ್ತದಲ್ಲಿ ಕ್ಯಾನ್ಸರ್ ಸುಳಿವು ಹುಡುಕುವ ಮಾರ್ಕರ್ ಟೆಸ್ಟ್ ಮಾಡಿಸಬೇಡಿ ಅನ್ನುವುದು ಇದಕ್ಕೇ.

ಸೊಂಟ ನೋವಿಗೆ ಎಂಆರ್‌ಐ

ನಮ್ಮ ಭಾವ ಒಮ್ಮೆ ಬಗ್ಗಿ ಏನೋ ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ನಾಲ್ಕನೇ ದಿನಕ್ಕೇ ಎಂಆರ್‌ಐ. "ಡಿಸ್ಕ್ ಬಲ್ಜ್" ಅಂತ ಬಂತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ. ಆಮೇಲೆ ಎರಡು ವರ್ಷ ಆ ಮನುಷ್ಯ ಬಗ್ಗಲೇ ಇಲ್ಲ. ನೋವು ಹೋಗಿತ್ತು, ಭಯ ಹೋಗಿರಲಿಲ್ಲ.

1994ರಲ್ಲಿ ಅಮೆರಿಕದಲ್ಲಿ ಸೊಂಟ ನೋವೇ ಇಲ್ಲದ 98 ಜನಕ್ಕೆ ಎಂಆರ್‌ಐ ಮಾಡಿ ನೋಡಿದರು. 52 ಶೇಕಡ ಜನಕ್ಕೆ ಎಲ್ಲೋ ಒಂದು ಕಡೆ ಡಿಸ್ಕ್ ಉಬ್ಬಿತ್ತು. ಎಲ್ಲಾ ಡಿಸ್ಕೂ ಸರಿ ಇದ್ದವರು 36 ಶೇಕಡ ಮಾತ್ರ. ಕೂದಲು ಬೆಳ್ಳಗಾದ ಹಾಗೆ ಬೆನ್ನೂ ಸವೆಯುತ್ತದೆ. ಅದನ್ನು ಫೋಟೋ ತೆಗೆದು ತೋರಿಸಿದರೆ ಹೆದರಿಕೆ ಸಹಜ.

ಸುಮ್ನೆ ಬಂದ ಸೊಂಟ ನೋವಿಗೆ ಮೊದಲ 6 ವಾರ ಸ್ಕ್ಯಾನ್ ಬೇಡ. ಹಾಸಿಗೆ ಹಿಡಿಯದೆ ಓಡಾಡಿಕೊಂಡಿರಿ. ಬಹಳ ಜನಕ್ಕೆ ಅಷ್ಟರಲ್ಲಿ ಕಡಿಮೆಯಾಗುತ್ತದೆ. ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಆರು ವಾರ ಬಿಡಿ, ಆರು ಗಂಟೆಯೂ ಕಾಯಬೇಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾಗಿದ್ದದ್ದು ಇವನ್ನೂ ಮೊದಲೇ ಹೇಳಿ.

ಸಿಟಿ ಸ್ಕ್ಯಾನ್ ಬರೆದರೆ ಇನ್ನೊಂದು ಪ್ರಶ್ನೆ ಸೇರಿಸಿ: "ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಲ್ಲಿ ಗೊತ್ತಾಗುತ್ತದಾ?" ಅವೆರಡರಲ್ಲೂ ಎಕ್ಸ್‌ರೇ ವಿಕಿರಣ ಇಲ್ಲ. ಮೈಗೆ ತಾಗುವ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿಟಿಗೆ ಸುಮಾರು 8. ಬೇಕಾದಾಗ ಸಿಟಿ ಜೀವ ಉಳಿಸುತ್ತದೆ, ಆಗ ಇದನ್ನೆಲ್ಲ ಲೆಕ್ಕ ಹಾಕುತ್ತಾ ಕೂರಬೇಡಿ. ಆದರೆ ಹಳೆಯ ಸಿಡಿ ಮನೆಯಲ್ಲಿ ಮರೆತುಬಂದೆ ಅಂತ ಮತ್ತೊಂದು ಮಾಡಿಸಿಕೊಳ್ಳುವುದಿದೆಯಲ್ಲ, ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲೇ ಇದೆ.

ಮಾತ್ರೆ ಚೀಲ

ನಮ್ಮ ಚಿಕ್ಕಮ್ಮನಿಗೆ ಬಿಪಿಗೆ ಅಮ್ಲೋಡಿಪಿನ್ ಕೊಟ್ಟರು. ಪಾದ ಊದಿತು, ಆ ಮಾತ್ರೆಯಲ್ಲಿ ಹಾಗಾಗುವುದುಂಟು. ಊತಕ್ಕೆ ಅಂತ ಇನ್ನೊಬ್ಬರು ನೀರಿಳಿಸುವ ಮಾತ್ರೆ ಕೊಟ್ಟರು. ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ ಶುರುವಾಯಿತು. ಅದಕ್ಕೆ ಮೂರನೆಯವರು ಮೂತ್ರ ತಡೆಯುವ ಮಾತ್ರೆ ಕೊಟ್ಟರು. ಬಾಯಿ ಒಣಗಿತು, ಮಲ ಕಟ್ಟಿತು, ಮಾತು ಮಾತಿಗೆ ಮರೆವು. "ವಯಸ್ಸಾಯ್ತು ಬಿಡು" ಅಂದುಕೊಂಡಿದ್ದೆವು. ಒಂದು ದಿನ ನಾನು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅವರ ಡಾಕ್ಟರ್ ಮೇಜಿನ ಮೇಲೆ ಸುರಿದೆ. ಅವರು ಒಂದೊಂದೇ ಎತ್ತಿ ನೋಡಿ, ಬಿಪಿ ಮಾತ್ರೆ ಬದಲಿಸಿದರು. ಉಳಿದ ಎರಡನ್ನು ಒಂದಾದ ಮೇಲೊಂದು ಬಿಡಿಸಿದರು. ತಿಂಗಳು ಕಳೆಯುವುದರೊಳಗೆ ಚಿಕ್ಕಮ್ಮ ಮೊದಲಿನ ಹಾಗೆ ನನ್ನನ್ನೇ ಬೈಯತೊಡಗಿದರು.

ವರ್ಷಕ್ಕೊಮ್ಮೆ ಹೀಗೆ ಚೀಲ ಸುರಿಯಿರಿ. ಆಯುರ್ವೇದದ್ದು, ವಿಟಮಿನ್, ಅಂಗಡಿಯಲ್ಲಿ ನೀವೇ ಕೊಂಡದ್ದು ಎಲ್ಲಾ ಸೇರಿಸಿ. ಒಂದೊಂದಕ್ಕೂ "ಇದು ಯಾವುದಕ್ಕೆ, ಎಲ್ಲಿಯವರೆಗೆ?" ಅಂತ ಕೇಳಿ. ಹೊಸ ತೊಂದರೆ ಶುರುವಾದರೆ ಮೊದಲು ನೋಡಬೇಕಾದ್ದು ಇತ್ತೀಚೆಗೆ ಯಾವ ಮಾತ್ರೆ ಶುರುವಾಯಿತು ಅನ್ನುವುದನ್ನು. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ. ಹೃದಯದ ಕೆಲವು ಮಾತ್ರೆ, ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಸ್ಟಿರಾಯ್ಡ್ ಇವನ್ನು ದಿಢೀರ್ ಅಂತ ಬಿಟ್ಟರೆ ಅಪಾಯ.

ಆಂಟಿಬಯೋಟಿಕ್ ಬಗ್ಗೆ ಎಲ್ಲರಿಗೂ ಗೊತ್ತಿದೆ, ಆದರೂ ಎಲ್ಲರೂ ಕೇಳಿ ಬರೆಸಿಕೊಳ್ಳುತ್ತಾರೆ. ನೆಗಡಿ ವೈರಸ್ಸಿನಿಂದ ಬರುವುದು, ಅದಕ್ಕೆ ಇದು ತಾಗುವುದಿಲ್ಲ. ಸಿಂಬಳ ಹಸಿರಾದ ಮಾತ್ರಕ್ಕೆ ಬೇಕಾಗುವುದೂ ಇಲ್ಲ. ಕೆಮ್ಮು ಎರಡು ಮೂರು ವಾರ ಎಳೆಯುವುದು ಮಾಮೂಲಿ. ಉಸಿರಾಟ ಕಷ್ಟವಾದರೆ, ಜ್ವರ ಬಿಟ್ಟು ಮತ್ತೆ ಏರಿದರೆ ಹೋಗಿ ತೋರಿಸಿ.

ಆಪರೇಷನ್ ಅಂದಾಗ

ಮೊದಲು ಕೇಳಬೇಕಾದ್ದು: "ಇದು ಇವತ್ತೇ ಆಗಬೇಕಾ, ತಿಂಗಳು ಬಿಟ್ಟರೂ ನಡೆಯುತ್ತಾ?" ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅಲ್ಲಿ ಚರ್ಚೆಯೇ ಇಲ್ಲ. ನಡೆದಾಗ ಎದೆ ಹಿಡಿದು, ನಿಂತರೆ ಬಿಡುವ ಹಳೆಯ ನೋವಿನ ಮಾತು ಬೇರೆ. 2007ರಲ್ಲಿ ಅಂಥ 2,287 ಜನರ ಅಧ್ಯಯನ ಹೊರಬಂತು. ಅರ್ಧ ಜನಕ್ಕೆ ಸ್ಟೆಂಟ್ ಜೊತೆ ಔಷಧಿ, ಇನ್ನರ್ಧಕ್ಕೆ ಬರೀ ಔಷಧಿ. ಸಾವಿನಲ್ಲಾಗಲಿ ಹಾರ್ಟ್ ಅಟ್ಯಾಕ್‌ನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮಂಡಿ ಸವೆತಕ್ಕೆ ತೂತು ಮಾಡಿ ಒಳಗೆ ತೊಳೆಯುವ ಆಪರೇಷನ್ನಿನ ಕಥೆ ಇನ್ನೂ ಸ್ವಾರಸ್ಯ. 2002ರಲ್ಲಿ ಪ್ರಕಟವಾದ 180 ಜನರ ಪ್ರಯೋಗದಲ್ಲಿ ಒಂದು ಗುಂಪಿಗೆ ಬರೀ ಚರ್ಮ ಕೊಯ್ದು ಹೊಲಿದರು, ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷ ಕಳೆದರೂ ನಿಜವಾದ ಆಪರೇಷನ್ ಆದವರು ಅವರಿಗಿಂತ ಆರಾಮಾಗಿರಲಿಲ್ಲ.

ಸಮಯ ಇದೆ ಅಂದರೆ ಎರಡನೆಯವರನ್ನು ನೋಡಿ. ಆಪರೇಷನ್ ಮಾಡುವವರನ್ನಲ್ಲ, ಅದೇ ಕಾಯಿಲೆಯನ್ನು ಔಷಧಿಯಲ್ಲಿ ನೋಡುವವರನ್ನು. ಮೊದಲಿನವರು ಏನೆಂದರು ಅಂತ ಮೊದಲೇ ಹೇಳಬೇಡಿ. ರಿಪೋರ್ಟ್ ಕೊಟ್ಟು, ತೊಂದರೆ ಹೇಳಿ, ಸುಮ್ಮನೆ ಕೂತುಕೊಳ್ಳಿ.

ಬಿಡಬಾರದ್ದು

ಇಷ್ಟೆಲ್ಲ ಓದಿ ಯಾರೂ ಆಸ್ಪತ್ರೆಯ ಕಡೆ ತಲೆ ಹಾಕದೆ ಇರಬೇಡಿ, ದಯವಿಟ್ಟು. ಬಿಪಿ ನೋಡಿಸಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ, ವಯಸ್ಸಿಗೆ ತಕ್ಕ ಕರುಳಿನ ಕ್ಯಾನ್ಸರ್ ತಪಾಸಣೆ ಇವು ಜೀವ ಉಳಿಸುತ್ತವೆ ಅನ್ನುವುದು ಸಾಬೀತಾಗಿದೆ. ಬಸುರಿಯಾಗಿದ್ದಾಗಿನ ಟೆಸ್ಟ್ ತಪ್ಪಿಸಬೇಡಿ. ಎದೆ ನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಮಲದಲ್ಲಿ ರಕ್ತ, ಸ್ತನದಲ್ಲಿ ಹೊಸ ಗಂಟು ಇವಕ್ಕೆ ನನ್ನ ಪ್ರಶ್ನೆಗಳು ಅನ್ವಯಿಸುವುದಿಲ್ಲ. ಹೋಗಿ, ಅಷ್ಟೇ.

ಕೊನೆಯದಾಗಿ ಫೈಲ್. ಒಂದೇ ಫೈಲ್ ಇರಲಿ, ತಾರೀಖಿನ ಕ್ರಮದಲ್ಲಿ. ಏನು ಮಾಡಿಸಿದಿರಿ ಅನ್ನುವುದರ ಜೊತೆಗೆ ಏನು ಬೇಡ ಅಂದರು, ಯಾಕೆ ಬೇಡ ಅಂದರು ಅನ್ನುವುದನ್ನೂ ಡಾಕ್ಟರ್ ಕೈಯಲ್ಲೇ ಬರೆಸಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನವರು ಮೊದಲಿಂದ ಶುರು ಮಾಡುತ್ತಾರೆ. ನನ್ನ ಫೈಲಿನ ಮೊದಲ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲಿದೆ: "ಥೈರಾಯ್ಡ್ ಗಂಟು, 8 ಮಿ.ಮೀ., ಬದಲಾವಣೆ ಇಲ್ಲ. ಲಕ್ಷಣ ಬಂದರೆ ಮಾತ್ರ ಸ್ಕ್ಯಾನ್." ಕಳೆದ ತಿಂಗಳು ಹಲ್ಲಿನ ತೊಂದರೆಗೆ ಹೋದಾಗ ಅಲ್ಲಿನವರು ನನ್ನ ಕತ್ತು ಮುಟ್ಟಿ ಹುಬ್ಬೇರಿಸಿದರು. ನಾನು ಫೈಲ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಓದಿ, "ಸರಿ, ಬಾಯಿ ತೆಗೀರಿ" ಅಂದರು.